ಹಕ್ಕಿಯೊಳಗಿನ ಅರಳೆ

ನಮ್ಮ ಬೀದರ ಸೀಮೆಯಲ್ಲಿ ಅರಳೆಯ ಗುಣವನ್ನು ಬಲ್ಲವರೆಂದರೆ ಪಿಂಜಾರರು. ಬಿಲ್ಲಿನ ನಾರಿ ಮಿಡಿಯುತ್ತ ಹತ್ತಿ ಹಿಂಜುವ ಅವರಿಗೆ ಗಾದಿಗೆ ಎಂಥ ಅರಳೆ ಬೇಕು, ದಿಂಬಿಗೆ ಎಂಥದ್ದು ಸಾಕು, ಎಷ್ಟು ತುಂಬಿದರೆ ಗಾದಿ ಗಂಟುಗಟ್ಟುತ್ತದೆ, ಎಷ್ಟು ಕಡಿಮೆಯಾದರೆ ಚಪ್ಪಟೆಯಾಗುತ್ತದೆ ಎಂಬುದೆಲ್ಲ ಕೈಯಲ್ಲೇ ತಿಳಿಯುತ್ತಿತ್ತು. ಗಾದಿ ಹೊಲಿದು ಮುಗಿದ ಮೇಲೆ ಒಳಗಿರುವುದನ್ನು ಯಾರೂ ನೋಡುವುದಿಲ್ಲ. ಆದರೆ ಗಾದಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಕಾಣದ ಸರಕೇ.

ಇದೇ ಪ್ರಶ್ನೆಯನ್ನು ಮ್ಯೂಸಿಯಮ್ಮಿನ ಹಕ್ಕಿಗಳ ಬಗ್ಗೆ ಕೇಳಿದವರು ಕಡಿಮೆ. ಸತ್ತ ಹಕ್ಕಿಯನ್ನು ನೂರಾರು ವರ್ಷ ಉಳಿಸಬೇಕಾದರೆ ಅದರ ಚರ್ಮದೊಳಗೆ ಏನು ತುಂಬಬೇಕು? ಹುಲ್ಲೇ, ಉಣ್ಣೆಯೇ, ನಾರೇ, ಹತ್ತಿಯೇ? ಕೇಳುವುದಕ್ಕೆ ಇದು ಚಿಲ್ಲರೆ ಪ್ರಶ್ನೆ. ಆದರೆ ಈ ಆಯ್ಕೆಯ ಹಿಂದೆ ಒಂದು ಚರಿತ್ರೆಯೇ ಇದೆ. ಆ ಚರಿತ್ರೆಯಲ್ಲಿ ನಮ್ಮ ಹಳೆಯ ಹೈದರಾಬಾದು ಸಂಸ್ಥಾನಕ್ಕೂ, ಕಾರವಾರದಲ್ಲಿ ಕಲೆಕ್ಟರನಾಗಿದ್ದ ಒಬ್ಬ ಆಂಗ್ಲ ಅಧಿಕಾರಿಗೂ ಪಾಲಿದೆ. ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದವನಾದ ನನಗೆ ಈ ವಿಷಯ ಹಿಡಿಸಿದ್ದಕ್ಕೆ ಅದೂ ಒಂದು ಕಾರಣ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳೋಣ. ಗಾಜಿನ ಪೆಟ್ಟಿಗೆಯಲ್ಲಿ ಕೊಂಬೆಯ ಮೇಲೆ ಕೂತಂತೆ, ಗಾಜಿನ ಕಣ್ಣು ಬಿಟ್ಟುಕೊಂಡು ನಿಂತಿರುವ ಹಕ್ಕಿ ಒಂದು ಬಗೆ. ಅದು ನೋಡುಗರಿಗಾಗಿ ಮಾಡಿದ್ದು. ಈ ಪ್ರದರ್ಶನದ ಕಲೆಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನ ಜಗತ್ತಿಗೇ ಹೆಸರುವಾಸಿಯಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುಜೀನ್ ವ್ಯಾನ್ ಇಂಗನ್ ಕಟ್ಟಿದ ಆ ಕಾರ್ಖಾನೆ 1990ರ ದಶಕದ ಕೊನೆಯವರೆಗೂ ನಡೆಯಿತು. ಅವರ ಕೈಯಿಂದ ಹೊರಬಂದ ಹುಲಿ, ಚಿರತೆಗಳ ಸಂಖ್ಯೆಯೇ 43 ಸಾವಿರ ದಾಟುತ್ತದೆ ಎಂಬ ಅಂದಾಜಿದೆ. ಅವರು ಪ್ರಾಣಿಯ ಚರ್ಮದೊಳಗೆ ಹುಲ್ಲು ತುರುಕುತ್ತಿರಲಿಲ್ಲ. ಅಚ್ಚುಗಳಲ್ಲಿ ಕಾಗದವನ್ನು ಪದರ ಪದರವಾಗಿ ಅಂಟಿಸಿ, ಒಳಗೆ ಟೊಳ್ಳಾದ ಹಗುರ ಮೈಯೊಂದನ್ನು ಮಾಡಿ, ಅದರ ಮೇಲೆ ಚರ್ಮವನ್ನು ಹೊದಿಸುತ್ತಿದ್ದರು.

ಎರಡನೆಯ ಬಗೆಯ ಹಕ್ಕಿಯನ್ನು ಸಾರ್ವಜನಿಕರು ಸಾಮಾನ್ಯವಾಗಿ ನೋಡುವುದೇ ಇಲ್ಲ. ಅದು ಬೀರುವಿನ ಅಗಲವಾದ ಡ್ರಾಯರಿನಲ್ಲಿ ಅಂಗಾತ ಮಲಗಿರುತ್ತದೆ. ರೆಕ್ಕೆ ಮುಚ್ಚಿ, ಕಾಲು ಕತ್ತರಿ ಹಾಕಿ, ಕಾಲಿಗೆ ಒಂದು ಚೀಟಿ ಕಟ್ಟಿಸಿಕೊಂಡು ಮಲಗಿದ ಆ ಹಕ್ಕಿಯ ಕಣ್ಣಿನ ಜಾಗದಲ್ಲಿ ಬಿಳಿ ಅರಳೆ ಇಣುಕುತ್ತದೆ. ಅದಕ್ಕೆ ಜೀವಂತಿಕೆಯ ಸೋಗಿಲ್ಲ. ಅದು ಅಧ್ಯಯನಕ್ಕೆಂದು ಮಾಡಿಟ್ಟ ಚರ್ಮ. ಹಕ್ಕಿಗಳ ಶಾಸ್ತ್ರ ಬೆಳೆದದ್ದು ಬಹುಮಟ್ಟಿಗೆ ಈ ಡ್ರಾಯರುಗಳ ಮೇಲೆ. ನಾನು ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಈ ಎರಡನೆಯ ಬಗೆಯ ಬಗ್ಗೆ.

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಶ್ರೀಮಂತರಿಗೂ ವಿದ್ವಾಂಸರಿಗೂ ಹಕ್ಕಿ ಕೂಡಿಡುವ ಹುಚ್ಚು ಹಿಡಿದಿತ್ತು. ಕೂಡಿಡುವುದು ಸುಲಭ, ಉಳಿಸುವುದು ಕಷ್ಟ. ಫ್ರಾನ್ಸಿನ ರೆಯೋಮೂರ್ 1748ರಲ್ಲಿ ಸತ್ತ ಹಕ್ಕಿ ಕೊಳೆಯದಂತೆ ಕಾಪಾಡುವ ವಿಧಾನಗಳ ಬಗ್ಗೆ ಬರೆದ. ಚರ್ಮ ಬಿಡಿಸಿ ಒಳಗೆ ಒಣಹುಲ್ಲು, ಉಣ್ಣೆಯಂಥವನ್ನು ತುಂಬುವುದು, ಮದ್ಯಸಾರದಲ್ಲಿ ಮುಳುಗಿಸಿಡುವುದು, ಒಲೆಯ ಕಾವಿನಲ್ಲಿ ಒಣಗಿಸುವುದು ಇವೆಲ್ಲ ಆಗ ಬಳಕೆಯಲ್ಲಿದ್ದವು. ಆ ಕಾಲದ ಸಂಗ್ರಹಗಳಲ್ಲಿ ಇಂದು ಉಳಿದಿರುವುದು ತೀರ ಕಡಿಮೆ. ಹುಳು ತಿಂದು ಹಾಕಿತು.

ಮೆಟ್ಸ್ ಊರಿನ ಔಷಧ ವ್ಯಾಪಾರಿ ಬೆಕೂರ್ ಇದಕ್ಕೊಂದು ಮದ್ದು ಕಂಡುಹಿಡಿದ. ಸೋಪು, ಸುಣ್ಣ, ಕರ್ಪೂರ, ಪೊಟ್ಯಾಷ್ ಲವಣಗಳ ಜೊತೆ ಪಾಷಾಣವನ್ನು ಕಲಸಿದ ಲೇಪ ಅದು. ಚರ್ಮದ ಒಳಮೈಗೆ ಬಳಿದರೆ ಹುಳು ಹತ್ತಿರ ಬರುತ್ತಿರಲಿಲ್ಲ. ಬದುಕಿರುವವರೆಗೆ ಬೆಕೂರ್ ಆ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅವನು 1777ರಲ್ಲಿ ತೀರಿಕೊಂಡ ಮೇಲೆ ಪಾಕ ಅಚ್ಚಾಗಿ ಎಲ್ಲೆಡೆ ಹರಡಿತು. ಮುಂದಿನ ನೂರೈವತ್ತು ವರ್ಷ ಹಕ್ಕಿ ಸಂಗ್ರಾಹಕರ ಪೆಟ್ಟಿಗೆಯಲ್ಲಿ ಪಾಷಾಣದ ಸೋಪು ಮತ್ತು ಅರಳೆ ಜೋಡಿಯಾಗಿ ಓಡಾಡಿದವು.

ಪಾಷಾಣ ಬಂದ ಮೇಲೂ ಒಳತುಂಬಿನ ಪ್ರಶ್ನೆ ಮುಗಿಯಲಿಲ್ಲ. ಭಾರತದಲ್ಲಿ ಅದರ ಕಷ್ಟವನ್ನು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವನು ಅಲನ್ ಆಕ್ಟೇವಿಯನ್ ಹ್ಯೂಮ್. 1885ರ ಕಾಂಗ್ರೆಸ್ ಸ್ಥಾಪನೆಯಿಂದಾಗಿ ನಮ್ಮ ಪಠ್ಯಪುಸ್ತಕಗಳಿಗೆ ಪರಿಚಿತನಾದ ಇದೇ ಹ್ಯೂಮ್ ಆ ಕಾಲದ ಭಾರತದ ಅತಿ ದೊಡ್ಡ ಹಕ್ಕಿ ಸಂಗ್ರಾಹಕನೂ ಹೌದು. ಹಕ್ಕಿ, ಮೊಟ್ಟೆ, ಗೂಡುಗಳನ್ನು ಸಂಗ್ರಹಿಸಿ ಕಾಪಾಡುವ ಬಗೆಯನ್ನು ಹೇಳಿಕೊಡುವ ಕೈಪಿಡಿಯೊಂದನ್ನು ಅವನು 1874ರಲ್ಲಿ ಪ್ರಕಟಿಸಿದ. ಊರೂರಿನಲ್ಲಿದ್ದ ಅಧಿಕಾರಿಗಳು, ಪ್ಲಾಂಟರುಗಳು, ವೈದ್ಯರು ಅವನಿಗೆ ಹಕ್ಕಿ ಕಳಿಸುತ್ತಿದ್ದರು. 1885ರಲ್ಲಿ ಅವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟಾಗ ಸಂಗ್ರಹದಲ್ಲಿ ಸುಮಾರು 82 ಸಾವಿರ ಮಾದರಿಗಳಿದ್ದವು. ಅದಕ್ಕೂ ಮೊದಲೇ ಸುಮಾರು 20 ಸಾವಿರ ಮಾದರಿಗಳನ್ನು ಡರ್ಮೆಸ್ಟಿಸ್ ಎಂಬ ಪುಟ್ಟ ಜೀರುಂಡೆಗಳು ತಿಂದು ಮುಗಿಸಿದ್ದವು.

ಈ ಜೀರುಂಡೆಯ ಆಹಾರ ಯಾವುದು ಎಂದು ಗೊತ್ತಾದರೆ ತುಂಬುವ ಸರಕಿನ ಅರ್ಧ ಲೆಕ್ಕ ಬಿಡಿಸಿದಂತೆ. ಅದಕ್ಕೆ ಬೇಕಾದದ್ದು ಪ್ರಾಣಿಮೂಲದ ವಸ್ತು. ಒಣಗಿದ ಮಾಂಸ, ಚರ್ಮ, ಕೂದಲು, ಗರಿ, ಉಣ್ಣೆ ಇವೆಲ್ಲ ಅದಕ್ಕೆ ಊಟ. ಹಾಗಾಗಿ ಹಕ್ಕಿಯೊಳಗೆ ಉಣ್ಣೆ ತುಂಬಿದರೆ ಕಳ್ಳನನ್ನು ಮನೆಗೆ ಕರೆದು ಕೂರಿಸಿದಂತೆ. ಹತ್ತಿಯೂ ನಾರೂ ಸಸ್ಯದಿಂದ ಬಂದವು, ಅವುಗಳಲ್ಲಿರುವುದು ಸೆಲ್ಯುಲೋಸ್. ಜೀರುಂಡೆಗೆ ಅದರಲ್ಲಿ ರುಚಿಯಿಲ್ಲ. ಹಕ್ಕಿಯೊಳಗೆ ಪ್ರಾಣಿಮೂಲದ್ದನ್ನು ತುಂಬಬೇಡ, ಸಸ್ಯಮೂಲದ್ದನ್ನು ತುಂಬು ಎಂಬುದು ಹೀಗೆ ಮೊದಲ ನಿಯಮವಾಯಿತು.

ಸಸ್ಯಮೂಲದವೆಲ್ಲ ಒಂದೇ ಅಲ್ಲ. ನಮ್ಮ ಸುತ್ತ ಸಿಗುವ ಸರಕುಗಳನ್ನೇ ಒಂದೊಂದಾಗಿ ನೋಡಬಹುದು. ಒಣಹುಲ್ಲು ಅಗ್ಗ, ಆದರೆ ಅದರಲ್ಲಿ ತೇವ ನಿಲ್ಲುತ್ತದೆ, ಬೂಸಲು ಹಿಡಿಯುತ್ತದೆ. ಅದರ ಚೂಪು ತುದಿ ಗುಬ್ಬಚ್ಚಿಯ ಚರ್ಮದಂಥ ತೆಳುವಾದ ಹಾಳೆಯನ್ನು ಚುಚ್ಚಿ ಹರಿಯುತ್ತದೆ. ಕಟ್ಟಿಗೆಯ ಹೊಟ್ಟು ನೆತ್ತರು, ಕೊಬ್ಬು ಹೀರುವುದಕ್ಕೆ ಒಳ್ಳೆಯದು, ಚರ್ಮ ಬಿಡಿಸುವಾಗ ಉದುರಿಸಿಕೊಳ್ಳಲು ಅದು ಬೇಕೇ ಬೇಕು. ಆದರೆ ಅದನ್ನೇ ಒಳಗೆ ತುಂಬಿದರೆ ಹೊಲಿಗೆಯ ಸಂದಿನಿಂದ ಉದುರುತ್ತ ಹೋಗಿ ಹಕ್ಕಿ ಸೊರಗುತ್ತದೆ. ತೆಂಗಿನ ನಾರು ಒರಟು, ಸಣ್ಣ ಹಕ್ಕಿಗೆ ಒಗ್ಗುವುದಿಲ್ಲ.

ಬೂರುಗದ ಹತ್ತಿ ರೇಷ್ಮೆಯಂತೆ ನುಣುಪು, ದಿಂಬಿಗೆ ಹೇಳಿ ಮಾಡಿಸಿದ್ದು. ಆ ನುಣುಪೇ ಇಲ್ಲಿ ದೋಷ. ಬೂರುಗದ ಎಳೆ ಗಿಡ್ಡ, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಅದರಿಂದ ನೂಲು ತೆಗೆಯುವುದೂ ಕಷ್ಟ. ಕಡ್ಡಿಗೆ ಸುತ್ತಿದರೆ ಜಾರುತ್ತದೆ. ಹೊಲದ ಹತ್ತಿಯ ಎಳೆಗೆ ಸಹಜವಾದ ತಿರುಚು ಇದೆ. ಒಂದು ಎಳೆ ಇನ್ನೊಂದನ್ನು ಹಿಡಿಯುತ್ತದೆ. ನೂಲಾಗುವ ಗುಣವೇ ಅದನ್ನು ಹಕ್ಕಿಯ ಮೈಯಾಗಿಸಲೂ ಯೋಗ್ಯ ಮಾಡಿತು. ಅದರಲ್ಲೂ ಬೀಜ ಪೂರ್ತಿ ತೆಗೆದು, ಚೆನ್ನಾಗಿ ಹಿಂಜಿದ, ಉದ್ದ ಎಳೆಯ ಅರಳೆಯನ್ನು ಕೈ ಪಳಗಿದವರು ಮೆಚ್ಚುತ್ತಾರೆ. ಔಷಧ ಅಂಗಡಿಯ ಬಿಳಿ ಹತ್ತಿಯ ಮೇಣದಂಶವನ್ನು ತೆಗೆದಿರುತ್ತಾರೆ. ಅದು ನೀರು ಕಂಡರೆ ಕುಡಿದು ಮುದ್ದೆಯಾಗುತ್ತದೆ. ಹಸಿ ಅರಳೆ ಹಾಗಲ್ಲ, ಒತ್ತಿದರೂ ಪುಟಿದು ನಿಲ್ಲುತ್ತದೆ.

ದೊಡ್ಡ ಹಕ್ಕಿಗಳಿಗೆ ಲೆಕ್ಕ ಬೇರೆ. ನಮ್ಮ ಎರೆ ಹೊಲಗಳ ಬಯಲಿನಲ್ಲಿ ಒಂದು ಕಾಲಕ್ಕೆ ಓಡಾಡುತ್ತಿದ್ದ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಗಂಡಾದರೆ ಹದಿನೈದು ಕಿಲೋದವರೆಗೂ ತೂಗುತ್ತದೆ. ಅಂಥದ್ದಕ್ಕೆ ಬರೀ ಅರಳೆ ತುಂಬಿದರೆ ಕುಸಿಯುತ್ತದೆ. ಹಾಗಾಗಿ ನವಿಲು, ಹೆಬ್ಬಾತುಗಳಂಥ ಹಕ್ಕಿಗಳಿಗೆ ನಾರನ್ನೋ ಹುಲ್ಲನ್ನೋ ಕಡ್ಡಿಗೆ ಬಿಗಿಯಾಗಿ ಸುತ್ತಿ, ದಾರದಿಂದ ಬಂಧಿಸಿ ಗಟ್ಟಿ ತಿರುಳು ಮಾಡಿ, ಮೇಲೆ ಅರಳೆಯ ಪದರ ಹೊದಿಸುವ ರೂಢಿ ಬಂತು. ಯುರೋಪಿನವರು ಇದಕ್ಕೆ ಅಗಸೆಯ ನಾರನ್ನು ಬಳಸುತ್ತಿದ್ದರು. ಅಲ್ಲಿ ಅದು ಹೇರಳ. ಹತ್ತಿ ಬೆಳೆಯುವ ನಮ್ಮ ದೇಶದಲ್ಲಿ ಅರಳೆ ಎಲ್ಲ ಸಂತೆಯಲ್ಲೂ ಸಿಗುತ್ತಿತ್ತು.

ಈ ಕೆಲಸ ನಮ್ಮ ಸೀಮೆಯ ಹಕ್ಕಿಗಳ ಮೇಲೆ ವ್ಯವಸ್ಥಿತವಾಗಿ ನಡೆದದ್ದು 1931–32ರಲ್ಲಿ. ಆಗ ಬೀದರ, ಕಲಬುರಗಿ, ರಾಯಚೂರುಗಳೆಲ್ಲ ನಿಜಾಮರ ಹೈದರಾಬಾದು ಸಂಸ್ಥಾನದೊಳಗೇ ಇದ್ದವು. ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದು ಹೆಸರು, ಅದು ನವಾಬರ ಜಾಗೀರು. ಸುಮಾರು 82 ಸಾವಿರ ಚದರ ಮೈಲಿಯ ಆ ಸಂಸ್ಥಾನದಲ್ಲಿ ಯಾವ ಯಾವ ಹಕ್ಕಿಗಳಿವೆ ಎಂಬುದರ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ ಬಳಿ ತರಬೇತಿ ಪಡೆದು ಮರಳಿದ್ದ ಸಲೀಂ ಅಲಿಗೆ ಆಗ ನೌಕರಿಯಿರಲಿಲ್ಲ. ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಎಂದು ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಗೆ ಅವರು ಮುಂದಾದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಆಶ್ರಯದಲ್ಲಿ ನಡೆದ ಅಂಥ ಸಮೀಕ್ಷೆಗಳಲ್ಲಿ ಹೈದರಾಬಾದಿನದೇ ಮೊದಲನೆಯದು. ಅದರ ವರದಿ ಇಂಗ್ಲೆಂಡಿನ ಹ್ಯೂ ವಿಸ್ಲರ್ ಬರೆದ ಟಿಪ್ಪಣಿಗಳೊಂದಿಗೆ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಮೈಸೂರು ಸಂಸ್ಥಾನದ ಸರದಿ ಬಂದದ್ದು ಆ ದಶಕದ ಕೊನೆಯಲ್ಲಿ.

ಆಗಿನ ಸಮೀಕ್ಷೆಯೆಂದರೆ ಇಂದಿನಂತೆ ದುರ್ಬೀನು ಹಿಡಿದು ಎಣಿಸುವುದಲ್ಲ. ಬೆಳಗ್ಗೆ ಹಕ್ಕಿ ಹೊಡೆಯಬೇಕು, ಬಿಸಿಲು ಏರಿ ಮೈ ಕೆಡುವುದರೊಳಗೆ ಚರ್ಮ ಬಿಡಿಸಬೇಕು. ಡೆಕ್ಕನ್ನಿನ ಬೇಸಿಗೆಯಲ್ಲಿ ಅದು ಗಡಿಯಾರದ ಜೊತೆಗಿನ ಓಟ. ಬಿಡಿಸುವ ಮೊದಲೇ ಅಳತೆ ತೆಗೆದು, ಕಣ್ಣಿನ ಪಾಪೆಯ ಬಣ್ಣ, ಕೊಕ್ಕು, ಕಾಲುಗಳ ಬಣ್ಣ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಆ ಬಣ್ಣಗಳು ಉಳಿಯುವುದಿಲ್ಲ. ಎದೆಯೆಲುಬಿನ ಕೆಳಗಿನಿಂದ ಹೊಟ್ಟೆಯವರೆಗೆ ಒಂದು ಸೀಳು. ಅಲ್ಲಿಂದ ಚರ್ಮವನ್ನು ಕಾಲುಚೀಲದಂತೆ ಒಳಹೊರಗು ಮಾಡುತ್ತ ಬಿಡಿಸಿ ತಲೆಯವರೆಗೆ ಹೋಗಬೇಕು. ಕಾಲೆಲುಬು, ರೆಕ್ಕೆಯ ಎಲುಬು, ತಲೆಬುರುಡೆ ಉಳಿಯುತ್ತವೆ. ಮಿದುಳು, ಕಣ್ಣು, ಮೈಯ ಮಾಂಸವೆಲ್ಲ ಹೋಗುತ್ತದೆ. ಎಸೆಯುವ ಮೊದಲು ಮೈ ಬಗೆದು ಅದು ಗಂಡೋ ಹೆಣ್ಣೋ ನೋಡಿ ಬರೆಯಬೇಕು. ಒಳಮೈಗೆ ಪಾಷಾಣದ ಸೋಪು ಬಳಿದು, ಕಣ್ಣಿನ ಗುಳಿಗೆ ಅರಳೆಯ ಉಂಡೆ ಇಟ್ಟು, ಚರ್ಮವನ್ನು ಮತ್ತೆ ಹೊರಮೈಗೆ ತಿರುಗಿಸಬೇಕು.

ಆಮೇಲೆ ಬರುವುದೇ ತುಂಬುವ ಘಳಿಗೆ. ತೆಳುವಾದ ಕಡ್ಡಿಗೆ ಅರಳೆ ಸುತ್ತಿ, ಈಗಷ್ಟೇ ತೆಗೆದ ಮೈಯ ಗಾತ್ರಕ್ಕೆ, ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಗಾತ್ರಕ್ಕೆ, ಒಂದು ಹುಸಿ ಮೈ ಮಾಡಬೇಕು. ಕುತ್ತಿಗೆಯ ಭಾಗ ಸಪೂರ, ಎದೆಯ ಭಾಗ ದುಂಡು. ಕಡ್ಡಿಯ ತುದಿ ತಲೆಬುರುಡೆಯೊಳಗೆ ನಾಟಬೇಕು. ಎರಡು ಹೊಲಿಗೆ ಹಾಕಿ, ಗರಿ ನೇವರಿಸಿ, ಕೊಕ್ಕಿಗೆ ದಾರ ಕಟ್ಟಿ, ಚೀಟಿ ಕಟ್ಟಿ, ತೆಳುವಾದ ಅರಳೆಯ ಹಾಳೆಯಲ್ಲಿ ಬಾಣಂತಿ ಕೂಸನ್ನು ಸುತ್ತುವಂತೆ ಸುತ್ತಿ ಒಣಗಲು ಬಿಡಬೇಕು. ಒಣಗುವಾಗ ಹೇಗೆ ಮಲಗಿತೋ ಮುಂದೆ ನೂರು ವರ್ಷ ಹಾಗೆಯೇ.

ಹೆಚ್ಚು ತುಂಬಿದರೆ ಏನಾಗುತ್ತದೆ? ಹಸಿ ಚರ್ಮ ಹಿಗ್ಗುತ್ತದೆ. ಹಿಗ್ಗಿದ ಚರ್ಮ ಹಾಗೇ ಒಣಗಿದರೆ ಹಕ್ಕಿ ಬದುಕಿದ್ದಾಗಿನಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಗರಿಗಳ ನಡುವಿನ ಬೋಳು ಜಾಗ ಹೊರಬೀಳುತ್ತದೆ. ಕಡಿಮೆ ತುಂಬಿದರೆ ಕುಗ್ಗಿ ಸುಕ್ಕಾಗುತ್ತದೆ. ಎರಡೂ ಸುಳ್ಳೇ. ವಿಸ್ಲರನಂಥ ವಿದ್ವಾಂಸರು ಒಂದೇ ಜಾತಿಯ ಹಕ್ಕಿ ಉತ್ತರದಲ್ಲಿ ಹೇಗಿದೆ, ದಕ್ಷಿಣದಲ್ಲಿ ಹೇಗಿದೆ ಎಂದು ಮಿಲಿಮೀಟರುಗಳಲ್ಲಿ ಹೋಲಿಸುತ್ತಿದ್ದರು. ಅವರು ರೆಕ್ಕೆ, ಕೊಕ್ಕು, ಕಾಲಿನ ಅಳತೆಗಳನ್ನೇ ನೆಚ್ಚಿಕೊಂಡದ್ದಕ್ಕೆ ಇದೂ ಕಾರಣ. ಆ ಭಾಗಗಳನ್ನು ಎಷ್ಟು ಅರಳೆ ತುಂಬಿದರೂ ಹಿಗ್ಗಿಸಲಾಗದು.

ಪ್ರತಿಯೊಬ್ಬರ ಕೈಗೂ ಒಂದು ಶೈಲಿ ಇರುತ್ತದೆ. ಒಬ್ಬ ಕುತ್ತಿಗೆಯನ್ನು ಗಿಡ್ಡ ಮಾಡುತ್ತಾನೆ, ಇನ್ನೊಬ್ಬ ಕಣ್ಣಿನ ಅರಳೆಯನ್ನು ಉಬ್ಬಿಸುತ್ತಾನೆ. ಒಬ್ಬ ರೆಕ್ಕೆಯ ಮಾಂಸವನ್ನು ಪೂರ್ತಿ ತೆಗೆಯುತ್ತಾನೆ, ಇನ್ನೊಬ್ಬ ಬಿಟ್ಟುಬಿಡುತ್ತಾನೆ. ಅಕ್ಷರದಲ್ಲಿ ಬರೆದವನ ಕೈ ಕಾಣುವಂತೆ ಹಕ್ಕಿಯಲ್ಲಿ ತುಂಬಿದವನ ಕೈ ಕಾಣುತ್ತದೆ. ಈ ಮಾತು ಎಷ್ಟು ನಿಜವೆಂದು ಗೊತ್ತಾಗಲು ಒಂದು ಪುಟ್ಟ ಗೂಬೆಯ ಕಥೆ ಕೇಳಬೇಕು.

ನಮ್ಮ ಊರುಗಳ ಹಳೆ ಮರಗಳಲ್ಲಿ ಕೂತು ಶಕುನ ನುಡಿಯುತ್ತದೆಂದು ಜನ ನಂಬಿರುವ ಹಾಲಕ್ಕಿಯ ಹತ್ತಿರದ ಸಂಬಂಧಿ ಈ ಗೂಬೆ. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್. 1872ರಲ್ಲಿ ಬ್ಲೂಯಿಟ್ ಎಂಬ ಅಧಿಕಾರಿ ಇಂದಿನ ಛತ್ತೀಸಗಡದ ಭಾಗದಲ್ಲಿ ಇದನ್ನು ಸಂಗ್ರಹಿಸಿದ. ಹ್ಯೂಮ್ 1873ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. 1880ರ ದಶಕದ ಆರಂಭದಲ್ಲಿ ಖಾನದೇಶದಲ್ಲಿದ್ದ ಜೇಮ್ಸ್ ಡೇವಿಡ್ಸನ್ ಎಂಬ ಅಧಿಕಾರಿ ಕೆಲವು ಗೂಬೆಗಳನ್ನು ಸಂಗ್ರಹಿಸಿದ. ಈ ಡೇವಿಡ್ಸನ್ನೇ ಮುಂದೆ ಉತ್ತರ ಕನ್ನಡಕ್ಕೆ ಕಲೆಕ್ಟರನಾಗಿ ಬಂದು, ಆ ಜಿಲ್ಲೆಯ ಹಕ್ಕಿಗಳ ಬಗ್ಗೆ 1898ರಲ್ಲಿ ಬರೆದವನು. ಅವನ ಗೂಬೆಗಳಾದ ಮೇಲೆ, 1884ರಿಂದೀಚೆಗೆ, ಈ ಹಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ. ಒಂದೇ ಒಂದು ಅಪವಾದವಿತ್ತು. ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಪ್ರಸಿದ್ಧ ಪಕ್ಷಿತಜ್ಞನ ಸಂಗ್ರಹದಲ್ಲಿದ್ದ ಒಂದು ಗೂಬೆಯ ಚೀಟಿಯಲ್ಲಿ, 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಸಿಕ್ಕಿದ್ದು ಎಂದು ಬರೆದಿತ್ತು.

ಚೀಟಿಯನ್ನು ನಂಬಿದ ತಜ್ಞರು ಹುಡುಕಾಟದಲ್ಲಿ ಗುಜರಾತನ್ನೂ ಸೇರಿಸಿಕೊಂಡರು. 1970ರ ದಶಕದಲ್ಲಿ ದಿಲ್ಲನ್ ರಿಪ್ಲಿ, ಸಲೀಂ ಅಲಿಯಂಥವರ ಪ್ರಯತ್ನವೂ ಫಲಿಸಲಿಲ್ಲ. ಗೂಬೆ ಅಳಿದೇಹೋಯಿತೇನೋ ಎಂಬ ಮಾತು ಬಲವಾಯಿತು.

ಮೈನರ್ಟ್ಸ್‌ಹ್ಯಾಗನ್ ಮೇಲೆ ಅನುಮಾನ ಹೊಸದಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಹಕ್ಕಿ ಕೋಣೆಗೆ ಅವನು ಬರದಂತೆ 1919ರಲ್ಲೇ ಕೆಲಕಾಲ ತಡೆದಿದ್ದರು. ಆದರೂ 1954ರಲ್ಲಿ ಅವನ ಸುಮಾರು 20 ಸಾವಿರ ಹಕ್ಕಿಗಳ ಸಂಗ್ರಹ ಅದೇ ಮ್ಯೂಸಿಯಮ್ಮಿಗೆ ಸೇರಿತು. 1993ರಲ್ಲಿ ಅಲನ್ ನಾಕ್ಸ್ ಎಂಬ ವಿದ್ವಾಂಸ ಅವನ ಕೆಲವು ಪುಟ್ಟ ಫಿಂಚ್ ಹಕ್ಕಿಗಳನ್ನು ಪರೀಕ್ಷಿಸಿ, ಅವುಗಳ ತಯಾರಿ ಬೇರೆಯವರ ಕೈಯದು ಎಂದು ತೋರಿಸಿದ. ಅಮೆರಿಕದ ಪಮೇಲಾ ರಾಸ್ಮುಸೆನ್ ಮತ್ತು ಇಂಗ್ಲೆಂಡಿನ ನೈಜೆಲ್ ಕಾಲರ್ ಗೂಬೆಯನ್ನು ಕೈಗೆತ್ತಿಕೊಂಡರು. ಎಕ್ಸ್‌ರೇ ತೆಗೆದು, ಹೊಲಿಗೆ ನೋಡಿ, ಒಳಗಿನ ತುಂಬು ನೋಡಿ ಅವರು ಕಂಡುಕೊಂಡದ್ದು ಇದು: ಆ ಹಕ್ಕಿಯ ಹಳೆಯ ತುಂಬನ್ನು ತೆಗೆದು ಹೊಸದಾಗಿ ತುಂಬಿದ್ದಾರೆ. ಆದರೆ ಮೊದಲ ತಯಾರಿಯ ಗುರುತುಗಳು ಪೂರ್ತಿ ಅಳಿದಿಲ್ಲ. ಆ ಗುರುತುಗಳು ಡೇವಿಡ್ಸನ್ನನ ಕೈಯವು. ಅಂದರೆ ಖಾನದೇಶದಲ್ಲಿ ಡೇವಿಡ್ಸನ್ ಸಂಗ್ರಹಿಸಿದ್ದ ಗೂಬೆಯನ್ನೇ ಮ್ಯೂಸಿಯಮ್ಮಿನಿಂದ ಕದ್ದು, ಬಿಚ್ಚಿ, ಮರುತುಂಬಿ, ಸುಳ್ಳು ಚೀಟಿ ಕಟ್ಟಲಾಗಿತ್ತು. ಈ ಶೋಧ 1999ರಲ್ಲಿ ಪ್ರಕಟವಾಯಿತು.

ಅದು ಅಚ್ಚಾಗುವ ಮೊದಲೇ ಅದರ ಫಲ ಸಿಕ್ಕಿತ್ತು. ಮಾಂಡವಿಯ ದಾಖಲೆಯನ್ನು ಪಕ್ಕಕ್ಕಿಟ್ಟು, ನಂಬಬಹುದಾದ ಹಳೆಯ ಚೀಟಿಗಳನ್ನಷ್ಟೇ ಹಿಡಿದು ರಾಸ್ಮುಸೆನ್, ಬೆನ್ ಕಿಂಗ್, ಡೇವಿಡ್ ಅಬಟ್ 1997ರ ನವೆಂಬರಿನಲ್ಲಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ, ಬೋಳು ಕೊಂಬೆಯ ಮೇಲೆ, ಗೂಬೆ ಕೂತಿತ್ತು. 113 ವರ್ಷದ ಮೇಲೆ. ಆಮೇಲೆ ಮಧ್ಯ ಭಾರತದ ಬೇರೆ ಕಾಡುಗಳಲ್ಲೂ ಅದು ಪತ್ತೆಯಾಯಿತು, ಅದರ ರಕ್ಷಣೆಯ ಮಾತು ಶುರುವಾಯಿತು. ಅಳಿದುಹೋಯಿತೆಂದು ಕೈಬಿಟ್ಟಿದ್ದರೆ ಆ ಕಾಡುಗಳಿಗಾಗಿ ಮಾತಾಡುವವರು ಇರುತ್ತಿರಲಿಲ್ಲ.

ಈ ಕಥೆ ಓದಿದಾಗಿನಿಂದ ಒಂದು ವಿಚಾರ ನನ್ನಲ್ಲಿ ಗಟ್ಟಿಯಾಗಿದೆ. ಚರಿತ್ರೆ ಓದುವ ನಾವು ಬರಹವನ್ನೇ ಸಾಕ್ಷಿಯೆಂದು ನಂಬಿ ಕೂಡುತ್ತೇವೆ. ಶಾಸನ, ಕಡತ, ಚೀಟಿ. ಬರಹ ಯಾರಿಗಾದರೂ ತೋರಿಸಬೇಕೆಂದು ಬರೆದದ್ದು, ಹಾಗಾಗಿ ಅದರಲ್ಲಿ ಸುಳ್ಳಿಗೂ ಜಾಗವಿದೆ. ಯಾರೂ ನೋಡುವುದಿಲ್ಲ ಎಂದು ತುಂಬಿದ ಅರಳೆಯಲ್ಲಿ ಆ ಉದ್ದೇಶವೇ ಇಲ್ಲ. ಗೂಬೆಯ ವಿಷಯದಲ್ಲಿ ಚೀಟಿ ಸುಳ್ಳು ಹೇಳಿತು, ತುಂಬು ನಿಜ ಹೇಳಿತು. ಹಾಗೆಂದು ತುಂಬೇ ಸಾಕು ಎನ್ನಲಾಗದು. ಡೇವಿಡ್ಸನ್ನನ ಉಳಿದ ಗೂಬೆಗಳಿಗೆ ಪ್ರಾಮಾಣಿಕವಾದ ಚೀಟಿಗಳಿದ್ದವು ಎಂದೇ ಹುಡುಕುವವರಿಗೆ ದಾರಿ ಸಿಕ್ಕಿತು. ಎರಡನ್ನೂ ಎದುರುಬದುರು ಇಟ್ಟು ಓದಬೇಕು.

ಇಂದು ಹಕ್ಕಿ ಕೊಂದು ಚರ್ಮ ತುಂಬುವ ಕಾಲ ಬಹುಪಾಲು ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಪರವಾನಗಿಯಿಲ್ಲದೆ ಕಾಡುಹಕ್ಕಿಯನ್ನು ಹಿಡಿಯುವುದು, ಕೊಲ್ಲುವುದು, ತುಂಬಿಡುವುದು ಅಪರಾಧ. ಅದು ಹಾಗೇ ಇರಲಿ. ಆದರೆ ಈಗಾಗಲೇ ಡ್ರಾಯರುಗಳಲ್ಲಿ ಮಲಗಿರುವ ಹಕ್ಕಿಗಳನ್ನು ಮತ್ತೆ ಮಾಡಲು ಬರುವುದಿಲ್ಲ. ಹೈದರಾಬಾದು ಸಮೀಕ್ಷೆಯ ಹಕ್ಕಿಗಳು ಬದುಕಿದ್ದ ಕಾಲಕ್ಕೆ ನಮ್ಮ ಹೊಲಗಳಿಗೆ ಕೀಟನಾಶಕ ಬಂದಿರಲಿಲ್ಲ, ಎರ್ಲಡ್ಡು ಡೆಕ್ಕನ್ನಿನ ಹುಲ್ಲುಗಾವಲಿನಲ್ಲಿ ಇನ್ನೂ ಇತ್ತು. ಆ ಕಾಲದ ಗಾಳಿ, ನೀರು, ಮೇವಿನ ಗುರುತು ಅವುಗಳ ಗರಿಗಳಲ್ಲಿದೆ. ಅದನ್ನು ಓದುವ ಹೊಸ ಉಪಕರಣಗಳು ಬರುತ್ತಲೇ ಇವೆ.

ಆ ಹಳೆಯ ಚರ್ಮಗಳಿಗೂ ವಯಸ್ಸಾಗುತ್ತದೆ. ಸರಿಯಾಗಿ ತೆಗೆಯದೆ ಬಿಟ್ಟ ಕೊಬ್ಬು ನಿಧಾನಕ್ಕೆ ಜಿನುಗಿ ಅರಳೆಯನ್ನು ಹಳದಿ ಮಾಡುತ್ತದೆ, ಹುಳಿಯಾಗಿ ಚರ್ಮವನ್ನೇ ಸುಡುತ್ತದೆ. ಪಾಷಾಣವಂತೂ ಹಾಗೇ ಉಳಿದಿದೆ. ಹಳೆ ಹಕ್ಕಿ ಮುಟ್ಟುವವರು ಕೈಗವಸು ಹಾಕಿಕೊಳ್ಳುವುದು ಅದಕ್ಕೇ. ಹೊಲಿಗೆ ಬಿಟ್ಟು ಅರಳೆ ಹೊರಬಂದ ಹಕ್ಕಿಯನ್ನು ಕಂಡಾಗ, ಹಳೆಯದನ್ನು ಕಿತ್ತೆಸೆದು ಬೆಳ್ಳಗಿನ ಹೊಸ ಹತ್ತಿ ತುಂಬಿದರೆ ಚೆಂದ ಎಂದು ಯಾರಿಗಾದರೂ ಅನ್ನಿಸೀತು. ನಮ್ಮ ಕಾಲೇಜು, ಮ್ಯೂಸಿಯಮ್ಮುಗಳ ಹಳೆ ಸಂಗ್ರಹಗಳನ್ನು ನೋಡಿಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಆ ಮಾಸಿದ ಅರಳೆಯನ್ನು ಎಸೆಯಬೇಡಿ. ತೆಗೆಯಲೇಬೇಕಾದರೆ ಒಂದು ಲಕೋಟೆಗೆ ಹಾಕಿ, ಹಕ್ಕಿಯ ಸಂಖ್ಯೆ ಬರೆದು, ಅದರ ಜೊತೆಗೇ ಇಡಿ.